ಧ್ವನಿಮತ

ಅರಸೀಕೆರೆಯ ತಾಲ್ಲೂಕು ಕಚೇರಿಯೆದುರು
ನನ್ನದೊಂದು ಜೆರಾಕ್ಸ್ ಅಂಗಡಿ.
ಟೈಪಿಂಗು ಪುಟಕ್ಕೆ ಇಪ್ಪತ್ತು, ನಕಲಿಗೆ ಎರಡು.
ರೈಲು ಕೂಗಿದರೆ ಗಿರಾಕಿಗಳು ಅರ್ಧಕ್ಕೇ ನಿಲ್ಲಿಸಿ
ಕೂಗು ಮುಗಿದ ಮೇಲೆ ಮತ್ತೆ ಮೊದಲಿಂದ ಹೇಳುತ್ತಾರೆ.

ಮರಿಸಿದ್ದಪ್ಪನವರು ನಿಲ್ಲಿಸುವುದಿಲ್ಲ.
ಇಪ್ಪತ್ತನಾಲ್ಕು ವರ್ಷ ಸಿಗ್ನಲ್ಸಿನಲ್ಲಿದ್ದ ಹವಾಲ್ದಾರರು;
ಗದ್ದಲದೊಳಗೇ ಮಾತು ಹಾಯಿಸುವುದು ಅವರಿಗೆ ರೂಢಿ.
ಸಂಕ್ರಾಂತಿ ಕಳೆದ ವಾರ
ಗಂಡಸಿ ಹ್ಯಾಂಡ್‌ಪೋಸ್ಟಿನಿಂದ ಮೊದಲ ಬಸ್ಸಿಗೆ ಬಂದರು.
"ಬರ್ಕೊಳಮ್ಮ,
ಮಾಜಿ ಸೈನಿಕರ ಜಮೀನಿನ ತಿದ್ದುಪಡಿ ಪಾಸಾದ ದಿನ
ನಮ್ಮ ಶಾಸಕರು ಹೌದು ಅಂದರೋ, ಇಲ್ಲ ಅಂದರೋ.
ಅಷ್ಟೇ. ಬೇರೇನೂ ಕೇಳಬೇಡ."
ಹತ್ತು ರೂಪಾಯಿಯ ಪೋಸ್ಟಲ್ ಆರ್ಡರು
ಅಂಚು ಮಡಿಯದಂತೆ ಡಿಸ್ಚಾರ್ಜ್ ಬುಕ್ಕಿನೊಳಗಿತ್ತು.

ಮೂವತ್ತೊಂದನೆಯ ದಿನ ಉತ್ತರ:
ಸದರಿ ವಿಧೇಯಕವು ಧ್ವನಿಮತದಿಂದ ಅಂಗೀಕಾರವಾಗಿದ್ದು
ಯಾವ ಸದಸ್ಯರು ಯಾವ ರೀತಿ ಮತ ನೀಡಿದರೆಂಬ ಮಾಹಿತಿಯನ್ನು
ಈ ಕಚೇರಿಯಲ್ಲಿ ನಿರ್ವಹಿಸಿರುವುದಿಲ್ಲ.

ನಿರ್ವಹಿಸಿರುವುದಿಲ್ಲ.
ಎರಡು ಸಲ ಓದಿಸಿದರು.
"ಧ್ವನಿ ಅಂದಮೇಲೆ ಯಾರದೋ ಇರಬೇಕಲ್ಲಮ್ಮ."

ಅವರ ಪೋಸ್ಟಿನಲ್ಲಿ ಕೆಮ್ಮಿದ್ದನ್ನೂ ಬರೆಯುತ್ತಿದ್ದರಂತೆ:
ಯಾರು, ಎಷ್ಟು ಗಂಟೆಗೆ, ಕೇಳಿಸಿತೋ ಇಲ್ಲವೋ.
ಕೇಳಿಸದಿದ್ದರೆ ಕೇಳಿಸಲಿಲ್ಲ ಎಂದೇ ಬರೆಯಬೇಕು.
ಒಬ್ಬ ಹುಡುಗ ಊಹಿಸಿ ಬರೆದಿದ್ದಕ್ಕೆ
ಒಂದು ಗಸ್ತು ತಪ್ಪು ಕಣಿವೆಗೆ ಇಳಿದಿತ್ತು.
ಎಷ್ಟು ಜನ ಎಂದು ನಾನು ಕೇಳಲಿಲ್ಲ.
ಅವರೂ ಹೇಳಲಿಲ್ಲ.

ಇಲ್ಲಿ ನನ್ನದೂ ಒಂದು ಮಾತಿದೆ.
ಅದೇ ವಾರ, ಇದೇ ಕೀಬೋರ್ಡಿನಲ್ಲಿ
ಶಾಸಕರ ಕರಪತ್ರ ಹೊಡೆದವಳೂ ನಾನೇ.
ಮಾಜಿ ಸೈನೀಕರ ಆಪ್ತಬಂದು,
ಎಂದು ಬರೆದು ಕಳಿಸಿದ್ದರು.
ದೀರ್ಘ ತೆಗೆದೆ. ದಕಾರಕ್ಕೆ ಮಹಾಪ್ರಾಣ ಕೊಟ್ಟೆ.
ಕಾಗುಣಿತ ಸರಿಯಾಯಿತು.
ನಿಜವೋ ಸುಳ್ಳೋ ನೋಡುವುದಕ್ಕೆ
ನನ್ನ ದರಪಟ್ಟಿಯಲ್ಲಿ ಸಾಲಿರಲಿಲ್ಲ.
ಅರ್ಜಿ, ಕರಪತ್ರ ಎರಡೂ ಈಗಲೂ
ಒಂದೇ ಫೋಲ್ಡರಿನಲ್ಲಿವೆ, ಅಕ್ಕಪಕ್ಕ.

ಎಪಿಎಂಸಿ ಹಿಂದಿನ ಛತ್ರದಲ್ಲಿ ಸನ್ಮಾನ.
ಅರವತ್ತು ಶಾಲು, ಅರವತ್ತು ಹಳೆಯ ಹೆಗಲು.
ಶಾಲಿನ ಪ್ಲಾಸ್ಟಿಕ್ಕು ಕೂಡ ತೆಗೆದಿರಲಿಲ್ಲ.
ಸರದಿ ಬಂದಾಗ ಮರಿಸಿದ್ದಪ್ಪನವರು
ಹೆಗಲು ಕೊಡದೆ ಕೇಳಿದರು:
"ಅವತ್ತು ಏನಂದ್ರಿ ಸಾರ್?"
ಮೈಕು ಕಿರ್ರೆಂದಿತು.
"ನಾನು ಯಾವತ್ತಿದ್ರೂ ನಿಮ್ಮೋನೇ ಯಜಮಾನ್ರೆ!"
ಚಪ್ಪಾಳೆ.
ಹವಾಲ್ದಾರರು ಜೇಬಿನ ಡೈರಿ ತೆಗೆದು
ವೇದಿಕೆಯ ಮೇಲೆ, ನಿಂತಲ್ಲೇ, ಬರೆದರು:
೧೧೪೦. ಸದ್ದು ಬಂತು. ಸಂದೇಶ ಇಲ್ಲ.

ಮತದಾನದ ದಿನ
ಯಂತ್ರದ ಪಕ್ಕದ ಗಾಜಿನೊಳಗೆ
ನನ್ನ ಚೀಟಿ ಏಳು ಸೆಕೆಂಡು ನಿಂತಿತು.
ಇಂಥವರಿಗೇ ಎಂದು ನನಗೊಬ್ಬಳಿಗೆ ತೋರಿಸಿ
ಕತ್ತರಿಸಿಕೊಂಡು ಕೆಳಗೆ ಬಿತ್ತು.
ಏಳು ಸೆಕೆಂಡು ಕಮ್ಮಿಯೇನಲ್ಲ;
ಅವರದ್ದಕ್ಕೆ ಅಷ್ಟೂ ಇಲ್ಲ.

ಹೊರಗೆ ಜಗಲಿಯಲ್ಲಿ ಕೂತು
ಬೆರಳ ಶಾಯಿ ಊದಿಕೊಳ್ಳುತ್ತಿದ್ದರು ಮರಿಸಿದ್ದಪ್ಪನವರು.
ಒಳಗಿನ ಬೀಪು ಅಲ್ಲಿಗೂ ಕೇಳಿಸುತ್ತಿತ್ತು.
"ಒಂದೇ ಉದ್ದ ಗೆರೆ. ಚುಕ್ಕಿ ಇಲ್ಲ ನೋಡು.
ಯಾರು ಯಾರಿಗೆ ಒತ್ತಿದರೂ ಅದೇ ಸದ್ದು."
ನಗುತ್ತಿದ್ದರೋ ಇಲ್ಲವೋ, ಬಿಸಿಲಿಗೆ ಕಾಣಲಿಲ್ಲ.

ಸೋಮವಾರ ಮತ್ತೆ ಬಂದರು. ಮೇಲ್ಮನವಿಗೆ.
ವಿಷಯ, ಉಲ್ಲೇಖ, ಒಂದೇ ಪ್ರಶ್ನೆ.
ದುಡ್ಡು ಬೇಡವೆಂದೆ. ಕೇಳಲಿಲ್ಲ;
ಇಪ್ಪತ್ತೆರಡು ರೂಪಾಯಿ ಎಣಿಸಿಟ್ಟು
ರಸೀದಿ ಕೊಡು ಎಂದರು.
ಹದಿಮೂರು ವರ್ಷದಲ್ಲಿ ಯಾರೂ ಕೇಳಿದವರಿಲ್ಲ,
ಅಚ್ಚು ಹಾಕಿಸಿದ ಪುಸ್ತಕವಿಲ್ಲ.
ಕೆಟ್ಟ ನಕಲೊಂದರ ಬೆನ್ನಿಗೆ
ಕೈಯಲ್ಲೇ ಬರೆದೆ:
ಏನು ಮಾಡಿದೆ, ಯಾರಿಗೆ, ಎಷ್ಟು,
ತಾರೀಖು, ಗಂಟೆ. ಕೆಳಗೆ ಪೂರ್ತಿ ಹೆಸರು.