ಮುಚ್ಚಳ ತೆಗೆದ ಮೇಲೂ

ಮೆದೇಹಳ್ಳಿ ರಸ್ತೆ. ಮಧ್ಯಾಹ್ನ ಮೂರು.
ಟ್ಯಾಂಕಿನ ಮುಚ್ಚಳ ತಿರುವಿದರು ಚಮನ್‌ಸಾಬ್ರು.
ಉಸ್ ಅನ್ನಲೂ ಇಲ್ಲ. ಒಳಗಿನ ಗಾಳಿ, ಹೊರಗಿನ ಗಾಳಿ
ಈಗ ಒಂದೇ.
ಸ್ಕ್ಯಾನರು ಮಾತ್ರ ಹಟ ಹಿಡಿದಿತ್ತು:
ಒತ್ತಡ ಐತೆ, ಒತ್ತಡ ಐತೆ.

ಹಿರಿಯೂರಿನಲ್ಲಿ ಮುಚ್ಚಳ ಬದಲಿಸಿದ್ದರಂತೆ,
ಚಳ್ಳಕೆರೆಯಲ್ಲಿ ಪೈಪು.
ಹಳದಿ ದೀಪ ಆರಿರಲಿಲ್ಲ.

‘ವೈರು ನೋಡೋ’ ಅಂದರು. ಕಾರಿನಡಿ ನುಸುಳಿದೆ.
ಬೆನ್ನಿಗೆ ಜಲ್ಲಿ, ಮೂಗಿಗೆ ಪೆಟ್ರೋಲು.
ಐದು ವೋಲ್ಟು ಬರುತ್ತಿತ್ತು. ಅರ್ತೂ ಸರಿ.
ಚಕ್ರದ ಸಂದಿಯಲ್ಲಿ ದೂರದ ಗುಡ್ಡದ ಗಾಳಿಫ್ಯಾನು,
ನಿಂತಿತ್ತು.

‘ಆವಿ ಪಾಪ ಹೊರಟೋಗಿ ಎಷ್ಟೊತ್ತಾಯ್ತು.
ಅಳೆಯೋದೇ ಕೆಟ್ಟೈತೆ, ಸಿಸ್ಟರ್.
ಸೆನ್ಸರ್ ಹಾಕ್ಸಿ. ಟ್ಯಾಂಕಿನ ತಂಟೆ ಬ್ಯಾಡ.’

ದುಡ್ಡೆಷ್ಟು ಅಂತ ಕೇಳಲಿಲ್ಲ ಮಂಗಳಗೌರಿ ಸಿಸ್ಟರ್.
ಚಹಾದ ಲೋಟ ಬಾನೆಟ್ಟಿನ ಮೇಲಿಟ್ಟು
ವಾರ್ಡಿಗೆ ಫೋನು ಮಾಡಿದರು:
‘ಆ ಹೊಸ ಬಿ.ಪಿ. ಮಿಷನ್ನು,
ನಿನ್ನೆಯಿಂದ ಎಲ್ಲರಿಗೂ ನೂರಾ ಎಂಬತ್ತೇ ತೋರಿಸ್ತಲ್ಲ?
ತಿಪ್ಪಕ್ಕನ ಮಾತ್ರೆ ತಡಿ.
ಮೊದಲು ನಿನ್ನ ತೋಳಿಗೇ ಕಟ್ಟಿ ನೋಡು.’

ಫೋನು ಕಿವಿಗೊತ್ತಿಕೊಂಡು ನಿಂತರು.
ನಾನು ಕಾರಿನಡಿಯೇ ಇದ್ದೆ,
ಬಿಚ್ಚಿದ ಪ್ಲಗ್ಗು ಕೈಯಲ್ಲಿ.