ಒಂದು ಸೊಳ್ಳೆಪರದೆ

ಮಧ್ಯಾಹ್ನ ಹನ್ನೆರಡು. ದೀಪ ಹಾಕಿದ್ದೇವೆ.
ಸೂರ್ಯ ಹೋಗಿ ಇಪ್ಪತ್ತು ದಿನ,
ಬರಲು ಇನ್ನೂ ಮೂವತ್ತೆಂಟು ಎಂದು
ಬೇಕರಿಯ ಬಾಗಿಲ ಮೇಲೆ ಯಾರೋ ಸೀಮೆಸುಣ್ಣದಲ್ಲಿ ಬರೆದಿದ್ದಾರೆ.
ಅಡುಗೆಮನೆಯ ಮೇಜಿನ ಮೇಲೆ ಹಳೆಯ ಭೂಪಟ,
ಮಡಿಸಿ ಮಡಿಸಿ ಭೂಮಧ್ಯರೇಖೆಯ ಮೇಲೇ ಹರಿದಿದೆ.
ಕೆಳಗಿನ ತುಂಡು ಆಸ್ಲಾಕನ ಕೈಯಲ್ಲಿ,
ಮೇಲಿನದು ನನ್ನ ಕಾಫಿ ಲೋಟದಡಿ.

ಮದುವೆಯಾಗಿ ಏಳು ವಾರ.
ನನಗೆ ಐವತ್ತೆಂಟು, ಅವನಿಗೆ ಅರವತ್ತೊಂದು.
ಪುರಸಭೆಯ ಕೋಣೆಯಲ್ಲಿ ಸಹಿ, ಆಮೇಲೆ ಮೀನಿನ ಸಾರು,
ಅವನ ಮಗಳು ಹೆಣೆದ ಎರಡು ಜೊತೆ ಕೈಗವಸು.
ಮಧುಚಂದ್ರಕ್ಕೆ ಎಲ್ಲಿಗೆ ಎಂದು ಕೇಳಿದರು
ಮೀನಿನ ಶೆಡ್ಡಿನ ಹುಡುಗಿಯರು, ಬಾಯಿಗೆ ಕೈ ಅಡ್ಡ ಹಿಡಿದು.
ಹಟಕ್ಕೆ ಬಿದ್ದು ಅಂದುಬಿಟ್ಟೆ: ರೊಡ್ರೀಗ್ಸ್.
ಎಂದೋ ಒಂದು ಅಂಚೆಚೀಟಿಯ ಮೇಲೆ ಕಂಡ ಹೆಸರು.
ಎಲ್ಲಿದೆ ಎಂದು ನನಗೂ ಗೊತ್ತಿರಲಿಲ್ಲ.

ಚಂದ್ರನಿಗೇನು ಬರವಿಲ್ಲ ನಮ್ಮ ವಾರ್ಡೋದಲ್ಲಿ.
ಹುಣ್ಣಿಮೆಯ ಆಸುಪಾಸು ಮುಳುಗುವುದನ್ನೇ ಮರೆತು
ಕರೆಯದೆ ಬಂದ ನೆಂಟನ ಹಾಗೆ
ಚಾವಣಿಯಿಂದ ಚಾವಣಿಗೆ ಸುತ್ತುತ್ತಿರುತ್ತಾನೆ.
ಮಧುವಿನದೇ ಕೊರತೆ.

ಆಸ್ಲಾಕ್ ಹಿಮ ಗುಡಿಸುವ ಗಾಡಿ ಓಡಿಸುತ್ತಾನೆ.
ಫೆಬ್ರವರಿಯಲ್ಲಿ ಹದಿನೈದು ದಿನ ರಜೆ ಸಿಕ್ಕಿದೆ,
ಸಿಕ್ಕ ದಿನದಿಂದ ಅವನಿಗೆ ನೆಮ್ಮದಿಯಿಲ್ಲ.
ಬದಲಿಗೆ ಬರುವವನು ಪಕ್ಕದೂರಿನ ಹುಡುಗ,
ಇಗರ್ಜಿಯ ತಿರುವಿನಲ್ಲಿ ಹೂತುಹೋದ ಕಂಬ
ಅವನ ಕಣ್ಣಿಗೆ ಬಿದ್ದೀತೆ?
ತೆಂಗಿನ ಮರಗಳ ಚಿತ್ರ ತೋರಿಸಿದರೆ
ನೋಡುತ್ತಾನೆ, ತಲೆಯಾಡಿಸುತ್ತಾನೆ,
"ಗಾಳಿ ಯಾವ ಕಡೆಯಿಂದ?" ಎನ್ನುತ್ತಾನೆ.

ಹತ್ತೊಂಬತ್ತು ದಿನ ನಡೆದು ಇವತ್ತು ಕಾಗದ ಬಂತು.
ಬರೆದವಳು ಮದಾಂ ಎಸ್ಪೆರಾನ್ಸ್,
ನಾಲ್ಕು ಕೋಣೆಯ ಅತಿಥಿಗೃಹದ ಒಡತಿ.
ನಿಘಂಟು ಬಿಡಿಸಿಟ್ಟು ಓದಿದೆ:

"ಫೆಬ್ರವರಿಯೆಂದರೆ ಇಲ್ಲಿ ಚಂಡಮಾರುತದ ಕಾಲ.
ಬಂದರೂ ಬಂತು, ಬಾರದಿದ್ದರೂ ಇಲ್ಲ.
ಫೋಟೋದೊಳಗಿನ ಸಮುದ್ರವೇ ಬೇಕೆಂದರೆ ಅಕ್ಟೋಬರಿನಲ್ಲಿ ಬನ್ನಿ.
ಮಳೆ ಹೊಡೆಯುವ ಸಮುದ್ರವೂ ಆದೀತು ಎಂದರೆ ಆಗಲೇ ಬನ್ನಿ,
ಬಾಡಿಗೆ ಅರ್ಧ ಕೊಟ್ಟರೆ ಸಾಕು.
ಅಂಗಳದ ತಂತಿಗೆ ಆಕ್ಟೋಪಸ್ ಒಣಹಾಕಿರುತ್ತೇವೆ,
ವಾಸನೆಗೆ ಮೂಗು ಮುರಿಯಬೇಡಿ."

ನಕ್ಕೆ. ಮೂವತ್ತೊಂದು ವರ್ಷದ ಕಾಡ್ ಮೀನು
ನನ್ನ ಕೂದಲಿನಲ್ಲಿದೆ, ಯಾವ ಸೋಪಿಗೂ ಬಗ್ಗದೆ.
ನಾವಿಬ್ಬರೂ ಒಂದೇ ಕಸುಬಿನವರು, ತಾಯಿ,
ಇದ್ದದ್ದನ್ನು ಗಾಳಿಗೆ ನೇತುಹಾಕಿ ಕಾಯುವವರು.

ಕಾಗದದ ತಳದಲ್ಲಿ, ಜಾಗ ಸಾಲದೆ ಓರೆಯಾಗಿ:
"ಮಂಚ ಒಂದೋ, ಎರಡೋ?
ಹೇಳಿದರೆ ಸೊಳ್ಳೆಪರದೆ ಹೊಲಿಸುತ್ತೇನೆ."

ಆಸ್ಲಾಕ್ ಎದ್ದು ಒಲೆಗೆ ಸೌದೆ ಹಾಕಿದ.
ಆಗಲೇ ಒಲೆ ತುಂಬಿತ್ತು.
ಬೆನ್ನು ತಿರುಗಿಸಿಕೊಂಡೇ ಅಂದ:
"ಎರಡು ಅಂತ ಬರಿ. ನನ್ನ ಗೊರಕೆ ನಿನಗೆ ಗೊತ್ತಲ್ಲ."

ಗೊತ್ತು.
ಬೆಳಗಿನ ಜಾವ ಮೂರಕ್ಕೆ ಗಾಡಿ ತೆಗೆಯುವವನು
ನನ್ನ ನಿದ್ದೆ ಕೆಡದಿರಲೆಂದು ಪಕ್ಕದ ಕೋಣೆಯಲ್ಲಿ ಮಲಗುತ್ತಾನೆ.
ಹಲಗೆ ಗೋಡೆಯಾಚೆ ರಾತ್ರಿಯೆಲ್ಲ
ಬಂದರಿಗೆ ಬರುತ್ತಿರುವ ದೋಣಿಯ ಇಂಜಿನ್ನು.
ಅದು ನಿಂತಾಗಲೇ ನನಗೆ ಎಚ್ಚರ.
ಮೊದಲನೆಯವನು ಗೊರಕೆ ಹೊಡೆಯುತ್ತಿರಲಿಲ್ಲ.
ಸದ್ದಿಲ್ಲದೆ ಮಲಗುತ್ತಿದ್ದ. ಸದ್ದಿಲ್ಲದೆ ಹೋದ.

ಇದನ್ನೆಲ್ಲ ಹೇಳಲು ಬಾಯಿ ಬರಲಿಲ್ಲ.
"ಆಗಲಿ" ಅಂದೆ. ಅವನು ಬೂಟು ಹಾಕಿಕೊಂಡು ಹೊರಟ.
ಗಾಡಿಯ ಹಳದಿ ದೀಪ ಒಂದು ಸುತ್ತು
ಚಾವಣಿ, ಕಪಾಟು, ಹರಿದ ಭೂಪಟ ಸವರಿ ಹೋಯಿತು.

ಆಮೇಲೆ ಬರೆದೆ:
ಅಕ್ಟೋಬರಿನವರೆಗೆ ಕಾಯುವ ವಯಸ್ಸು ನಮ್ಮದಲ್ಲ, ಮದಾಂ.
ಮಳೆ ಬಂದರೆ ಒಳಗೇ ಕೂತಿರುತ್ತೇವೆ.
ಮಂಚ ಒಂದು. ಪರದೆ ಒಂದು.
ಗಂಡ ಎತ್ತರದ ಆಳು, ಕಾಲಿನ ಕಡೆ ಗೇಣುದ್ದ ಹೆಚ್ಚಿಗೆ ಬಿಡಿಸಿ.

ಲಕೋಟೆ ಅಂಟಿಸಿದ್ದೇನೆ. ಅವನಿಗೆ ಹೇಳಿಲ್ಲ.
ಅಂಚೆಪೆಟ್ಟಿಗೆಯವರೆಗೆ ತೊಡೆಮಟ್ಟ ಹಿಮ.
ದಾರಿಯನ್ನು ಅವನೇ ಬಿಡಿಸಿಕೊಡಬೇಕು.