ವೈಂಡಿಂಗ್ ಅಂಗಡಿಯಲ್ಲಿ ಗಿಟಾರು

ಫ್ಲೋರಿನ್ ಮಸ್ಕರೇನಸ್, ಬೈತಖೋಲದ ಐಸ್ ಫ್ಯಾಕ್ಟರಿಯಲ್ಲಿ ಬಿಲ್ಲು ಬರೆಯುವವಳು,
ರೇನ್‌ಕೋಟಿನಲ್ಲಿ ಸುತ್ತಿ ತಂದದ್ದನ್ನು
ಸುಟ್ಟುಹೋದ ಪಂಪಿನ ಪಕ್ಕ ನನ್ನ ಮೇಜಿನ ಮೇಲೆ ಮಲಗಿಸಿದಳು.
'ತಾಂಡೇಲಬಾಬ, ಬಿಚ್ಚಿ ನೋಡಿ ಹೇಳಿ.
ಮಡಗಾಂವಿನವ ಎಂಟೂವರೆ ಸಾವಿರ ಅನ್ನುತ್ತಾನೆ.'

ನನಗೆ ಸಾ ಯಾವುದು ಪಾ ಯಾವುದು ತಿಳಿಯದು.
ಆದರೆ ತಾಮ್ರದ ತಂತಿ ಸುತ್ತಿ ಮೂವತ್ತೊಂದು ವರ್ಷ:
ಮಿಕ್ಸಿ, ಫ್ಯಾನು, ಬೋಟಿನ ಡೈನಮೊ,
ಒಮ್ಮೆ ಹಲ್ಲಿನ ಡಾಕ್ಟರ ಕುರ್ಚಿ.
ಮುಚ್ಚಳ ತೆಗೆದರೆ ಇದರೊಳಗೂ ಅದೇ,
ಅಯಸ್ಕಾಂತ, ಕೂದಲಿಗಿಂತ ಸಣ್ಣ ತಂತಿ, ಮೂರು ಸುರುಳಿ.
ಹೊಟ್ಟೆಯಲ್ಲಿ ಮೋಟಾರು ಇಟ್ಟುಕೊಂಡೂ
ತಿರುಗಲು ಒಪ್ಪದ ಯಂತ್ರ.

ಮೀಟರು ಹಚ್ಚಿದೆ. ಆರಾರು ಸಾವಿರ ಓಮು. ಯಾವುದೂ ಕಡಿದಿಲ್ಲ.
ತೂಕಕ್ಕೆ ಎದುರಿನ ಸುಲಭೆಯ ಮೀನಿನ ತಕ್ಕಡಿ:
ಮೂರು ಕಿಲೋ ನಾನೂರು.
'ಇಸ್ವಣವಾಗಿದ್ದರೆ ಮೂರು ಸಾವಿರ,' ಅಂದಳು ಸುಲಭೆ,
ಬೆರಳಿನಿಂದ ತಟ್ಟಿ, 'ಇದರಲ್ಲಿ ಬರೀ ಮುಳ್ಳು.'

ಮದುವೆ ಹಾಲಿನಲ್ಲಿ ನಾಲ್ಕು ತಾಸು
ಇದನ್ನು ಹೆಗಲಿಗೆ ಹಾಕಿ ನಿಲ್ಲಬೇಕು ಇವಳು.
ಭಾನುವಾರ ಇಗರ್ಜಿ, ಅಂಕೋಲೆಯ ಆರ್ಕೆಸ್ಟ್ರಾ,
ನೇವಿ ಕಾಲನಿಯ ಹುಟ್ಟುಹಬ್ಬ,
ಆಮೇಲೆ ರಾತ್ರಿ ಕದ ಹಾಕಿಕೊಂಡು ತನಗೇ ಬೇಕಾದ ಗಲಾಟೆ.
ಎಲ್ಲಕ್ಕೂ ಇದೊಂದೇ. ಇನ್ನೊಂದು ಕೊಳ್ಳುವ ಮಾತಿಲ್ಲ.

ಗಣಪತಿ ಮಂಟಪದವರು ಬಿಟ್ಟುಹೋದ ಆಂಪ್ಲಿಫೈಯರಿಗೆ ಸಿಕ್ಕಿಸಿದೆವು.
ಐದು ಹೆಜ್ಜೆಯ ಸ್ವಿಚ್ಚು. ಈ ತುದಿಯಲ್ಲಿ
ಕಾದ ಕಾವಲಿಗೆ ಬಂಗಡೆ ಬಿದ್ದ ಸದ್ದು.
ಆ ತುದಿಯಲ್ಲಿ ಎದ್ದವರು ಇನ್ನೂ ಗಂಟಲು ಸರಿಮಾಡಿಕೊಳ್ಳದೆ
ಆಡುವ ಮೊದಲ ಮಾತು.
ನಡುವಿನದು ನನಗೆ ಗೊತ್ತಾಗಲಿಲ್ಲ. ಅವಳು ಕಣ್ಣು ಮುಚ್ಚಿದ್ದಳು.

ಎಲ್ಲದರ ಅಡಿಗೆ ಒಂದು ಗುಂಯ್.
ಅದನ್ನು ಮಾತ್ರ ಬಲ್ಲೆ.
ಕದ್ರಾದಲ್ಲಿ ಚಕ್ರ ತಿರುಗಿಸಿದ ಕಾಳಿ
ತಂತಿ ಹಿಡಿದು ಬಂದು, ಸೆಕೆಂಡಿಗೆ ಐವತ್ತು ಸಲ ನಡುಗುವುದು ಅದು.
ಅದೇ ಕಾಳಿ ನೆಲದ ದಾರಿಯಲ್ಲಿ ನಿಧಾನ ನಡೆದುಬಂದು
ಈ ಅಂಗಡಿಯ ಹಿಂದೆ
ಸದ್ದಿಲ್ಲದೆ ಸಮುದ್ರಕ್ಕಿಳಿಯುತ್ತದೆ.

ಸ್ವಿಚ್ಚು ಎರಡಕ್ಕೆ ತಂದೆ. ಗುಂಯ್ ಮಾಯ.
'ಎಲ್ಲಿ ಹೋಯಿತು?'
'ನಡುವಿನ ಸುರುಳಿಯನ್ನು ಉಲ್ಟಾ ಸುತ್ತಿದ್ದಾನೆ ಪುಣ್ಯಾತ್ಮ.
ಇದು ಹೂಂ ಅಂದರೆ ಅದು ಊಹೂಂ.
ಜಗಳ ಅಲ್ಲೇ ಹರಿಯಿತು, ತಂತಿಯ ಮಾತು ಉಳಿಯಿತು.'
ಅಗ್ಗದ ಮಾಲಿನಲ್ಲಿ ಇದನ್ನು ಯಾರೂ ಬಿಚ್ಚಿ ನೋಡುವುದಿಲ್ಲ.
ಆದರೂ ಸುತ್ತಿದ್ದಾನೆ.
ಕೂಲಿ ಎಷ್ಟು ಸಿಕ್ಕಿತೋ.

ಇನ್ನು ದೋಷ. ಜಾಕು ಸಡಿಲ. ಒಂದು ಕಿವಿ ತಿರುವಿದಲ್ಲಿ ನಿಲ್ಲದೆ ಜಾರುತ್ತದೆ.
ಬ್ರಿಜ್ಜಿನ ತಿರುಪುಗಳಿಗೆ ಉಪ್ಪುಗಾಳಿ ಆಗಲೇ ನಾಲಿಗೆ ಹಚ್ಚಿದೆ.
ದಪ್ಪ ತಂತಿಯ ಮೂರನೇ ಮೆಟ್ಟಿನಲ್ಲಿ ಒಂದು ಕರಕರ,
ಅರ ಹಾಕಿದರೂ ಪೂರ್ತಿ ಹೋಗುವಂಥದ್ದಲ್ಲ.
ಹಳೇ ಬಿಲ್ಲಿನ ಬೆನ್ನಿಗೆ ಬರೆದುಕೊಟ್ಟೆ:
ಏಳಕ್ಕಿಂತ ಮೇಲೆ ಕೊಡಬೇಡ.

ಓದಿದಳು. ರೇನ್‌ಕೋಟನ್ನು ಮಡಚತೊಡಗಿದಳು,
ಮಡಚಿದ್ದನ್ನು ಬಿಚ್ಚಿ ಮತ್ತೆ.
'ಕೊಟ್ಟಾಗಿದೆ ಬಾಬ. ಹೋದ ಶನಿವಾರವೇ.'

ಬೆಸುಗೆಯ ಕಡ್ಡಿ ಕಾಯುವವರೆಗೆ ಇಬ್ಬರಿಗೂ ಮಾತಿರಲಿಲ್ಲ.
ಜಾಕು ಬಿಗಿಮಾಡಿದೆ. ಏಳನ್ನು ಹೊಡೆದುಹಾಕಲಿಲ್ಲ,
ಲೆಕ್ಕ ಲೆಕ್ಕವೇ. ಕೆಳಗೆ ಇನ್ನೊಂದು ಸಾಲು ಸೇರಿಸಿದೆ:
ಉಳಿದ ಒಂದೂವರೆ, ಉಲ್ಟಾ ಸುತ್ತಿದವನಿಗೆ.

ಹೊರಡುವಾಗ ನಿಂತಳು. ಮೂಲೆಯ ಸ್ಟೆಬಿಲೈಜರಿನತ್ತ ಕಿವಿ ಕೊಟ್ಟು
ದಪ್ಪ ತಂತಿ ಒತ್ತಿದಳು, ಅದೇ ಕರಕರದ ಮೆಟ್ಟಿನಲ್ಲಿ.
'ನಿಮ್ಮ ಅಂಗಡಿ ಈ ಸ್ವರದಲ್ಲಿದೆ. ಒಂದೆಳೆ ಮೇಲೆ.'

ಬೆಸುಗೆಯ ಇಪ್ಪತ್ತು ರೂಪಾಯಿ ಡಬ್ಬಿಯಲ್ಲಿ ಬಿತ್ತು.
ಸಂಜೆ ಮೇನ್ ಸ್ವಿಚ್ಚಿಗೆ ಹೋದ ಕೈ
ಆರಿಸುವ ಮೊದಲು
ತುಸು ತಡೆಯಿತು.